ನಾಲ್ಕು ಕೂಡಿತೆಂದು ಒಡೆಯಬೇಡಿ: ಪುಯೊ ಪುಯೊ ಅಂಕದ ಲೆಕ್ಕ

ಮೇಲಿನಿಂದ ಬೀಳುವ ಬಣ್ಣದ ಉಂಡೆಗಳನ್ನು (ಇವೇ ಪುಯೊ) ಜೋಡಿಸಿ ಒಡೆಯುವ ವಿಡಿಯೊ ಗೇಮ್ ಪುಯೊ ಪುಯೊ. ಅದನ್ನು ಆಡಲು ಕೂತ ಹೊಸಬರನ್ನು ಗುರುತಿಸುವುದು ಸುಲಭ. ಒಂದೇ ಬಣ್ಣದ ಮೂರು ಕೂಡಿ ನಾಲ್ಕನೆಯದು ಬಂತೋ, ಕೈ ತಡೆಯುವುದಿಲ್ಲ, ಒಡೆದೇಬಿಡುತ್ತಾರೆ. ಬೋರ್ಡ್ ಸದಾ ಚೊಕ್ಕಟ, ಅಂಕ ಮಾತ್ರ ಮೇಲೇಳುವುದಿಲ್ಲ. ಹಾಗೆ ಬಿಡಿಯಾಗಿ ಒಡೆದ ನಾಲ್ಕಕ್ಕೆ ಸಿಗುವುದು 40 ಅಂಕ. ಅದೇ ನಾಲ್ಕು ಪುಯೊ ಒಂದು ಚೈನ್‌ನ ಹತ್ತನೆಯ ಕೊಂಡಿಯಾಗಿ ಒಡೆದರೆ 8,960. ಒಂದು ಗುಂಪು ಒಡೆದಾಗ ಮೇಲಿನವು ಇಳಿದು ಇನ್ನೊಂದು ಗುಂಪು ಕೂಡಿ ತಾನಾಗಿ ಒಡೆಯುತ್ತಾ ಹೋಗುವುದೇ ಚೈನ್, ಅದರಲ್ಲಿ ಒಂದೊಂದು ಸಲ ಒಡೆದದ್ದೂ ಒಂದು ಕೊಂಡಿ. ಎಷ್ಟು ಒಡೆದಿರಿ ಎಂಬುದಕ್ಕಿಂತ ಎಷ್ಟನೆಯ ಕೊಂಡಿಯಲ್ಲಿ ಒಡೆದಿರಿ ಎಂಬುದಕ್ಕೇ ಇಲ್ಲಿ ಬೆಲೆ.

ಕಂಪೈಲ್ ಎಂಬ ಜಪಾನಿ ಕಂಪನಿ 1991ರಲ್ಲಿ ತಂದ ಆಟ ಇದು, ಈಗ ಸೆಗಾ ಕೈಯಲ್ಲಿದೆ. 1994ರಲ್ಲಿ ಬಂದ ಎರಡನೆಯ ಭಾಗ ‘ಪುಯೊ ಪುಯೊ ತ್ಸೂ’. ಇಬ್ಬರು ಎದುರುಬದುರು ಆಡುವ ಪಂದ್ಯಗಳಲ್ಲಿ ಇಂದಿಗೂ ಹೆಚ್ಚಾಗಿ ನಡೆಯುವುದು ಅದರ ನಿಯಮವೇ. 2019ರಲ್ಲಿ ಜಗತ್ತಿನೆಲ್ಲೆಡೆ ಬಿಡುಗಡೆಯಾದ ‘ಪುಯೊ ಪುಯೊ ಚಾಂಪಿಯನ್ಸ್’ನಲ್ಲೂ ಆ ನಿಯಮ ಆರಿಸಿಕೊಳ್ಳಬಹುದು. ಕೆಳಗಿನ ಅಂಕಿಗಳೆಲ್ಲ ತ್ಸೂ ನಿಯಮದವು. ಫೀವರ್ ಎಂಬ ಇನ್ನೊಂದು ಬಗೆಯ ನಿಯಮದಲ್ಲಿ ಲೆಕ್ಕವೇ ಬೇರೆ, ಅಲ್ಲಿಗೆ ಇವನ್ನು ಒಯ್ಯಬೇಡಿ.

ಬೋರ್ಡ್ 6 ಕಾಲಂ ಅಗಲ, 12 ಸಾಲು ಎತ್ತರ. ಅದರ ಮೇಲೆ ಕಣ್ಣಿಗೆ ಕಾಣದ 13ನೆಯ ಸಾಲೊಂದಿದೆ. ಅಲ್ಲಿ ಕೂತ ಪುಯೊ ಕೆಳಗಿಳಿಯುವವರೆಗೆ ಯಾವ ಗುಂಪಿಗೂ ಸೇರುವುದಿಲ್ಲ. ಎಡದಿಂದ ಮೂರನೆಯ ಕಾಲಂನ 12ನೆಯ ಮನೆ ತುಂಬಿತೆಂದರೆ ಆಟ ಮುಗಿಯಿತು. ಪುಯೊಗಳು ಜೋಡಿಯಾಗಿ ಬೀಳುತ್ತವೆ. ಕೈಲಿರುವ ಜೋಡಿಯಲ್ಲದೆ ಮುಂದಿನ ಎರಡು ಜೋಡಿ ಪಕ್ಕದಲ್ಲಿ ಕಾಣುತ್ತವೆ. ಇಬ್ಬರಿಗೂ ಬರುವ ಜೋಡಿಗಳ ಸರಣಿ ಒಂದೇ, ಹಾಗಾಗಿ ಅದೃಷ್ಟವನ್ನು ಬೈಯುವ ಅವಕಾಶ ಯಾರಿಗೂ ಇಲ್ಲ. ಒಂದೇ ಬಣ್ಣದ ನಾಲ್ಕು ಅಕ್ಕಪಕ್ಕ ಅಥವಾ ಮೇಲೆಕೆಳಗೆ ತಾಗಿದರೆ ಒಡೆಯುತ್ತವೆ. ಮೂಲೆಗೆ ಮೂಲೆ ತಾಗಿದ್ದು ಲೆಕ್ಕಕ್ಕಿಲ್ಲ.

ಒಂದು ಕೊಂಡಿಯ ಅಂಕ ಹೀಗೆ: ಒಡೆದ ಪುಯೊ × 10 × (ಚೈನ್ ಬಲ + ಬಣ್ಣದ ಬೋನಸ್ + ಗುಂಪಿನ ಬೋನಸ್). ಆವರಣದೊಳಗಿನ ಮೊತ್ತ ಸೊನ್ನೆ ಬಂದರೆ ಒಂದು ಎಂದು ಹಿಡಿಯಬೇಕು. ಚೈನ್ ಬಲ ಮೊದಲ ಕೊಂಡಿಗೆ 0, ಎರಡನೆಯದಕ್ಕೆ 8, ಆಮೇಲೆ 16, 32, 64. ಐದನೆಯ ಕೊಂಡಿಯವರೆಗೆ ಇಮ್ಮಡಿಯಾಗುತ್ತಾ ಬಂದದ್ದು ಅಲ್ಲಿಂದಾಚೆ ಕೊಂಡಿಗೆ 32ರಂತೆ ಏರುತ್ತದೆ: 96, 128, 160, 192, 224... ಒಂದೇ ಏಟಿಗೆ ಎರಡು ಬಣ್ಣ ಒಡೆದರೆ ಬಣ್ಣದ ಬೋನಸ್ 3, ಮೂರಾದರೆ 6, ನಾಲ್ಕಾದರೆ 12. ಗುಂಪಿನಲ್ಲಿ ನಾಲ್ಕೇ ಇದ್ದರೆ ಬೋನಸ್ ಇಲ್ಲ. ಐದಕ್ಕೆ 2, ಆರಕ್ಕೆ 3, ಹೀಗೆ ಒಂದೊಂದೇ ಏರಿ ಹತ್ತಕ್ಕೆ 7, ಹನ್ನೊಂದು ಮತ್ತು ಮೇಲ್ಪಟ್ಟು 10.

ನೀವು ಗಳಿಸಿದ ಅಂಕಕ್ಕೆ ತಕ್ಕಂತೆ ಎದುರಾಳಿಯ ಬೋರ್ಡ್ ಮೇಲೆ ಕಸದ ಪುಯೊ, ಅಂದರೆ ನಾಲ್ಕು ಕೂಡಿದರೂ ತಾವಾಗಿ ಒಡೆಯದ ಪುಯೊ, ಬೀಳುತ್ತವೆ: 70 ಅಂಕಕ್ಕೆ ಒಂದು. ಕೊಂಡಿಗೆ ನಾಲ್ಕೇ ಪುಯೊದಂತೆ ಕಟ್ಟಿದ ಚೈನ್‌ನ ಒಟ್ಟು ಅಂಕ ಮತ್ತು ಕಸ ಎಷ್ಟೆಂದು ಒಮ್ಮೆ ನೋಡಿಕೊಳ್ಳಿ:

2 ಕೊಂಡಿ – 360 ಅಂಕ, 5 ಕಸ
3 ಕೊಂಡಿ – 1,000 ಅಂಕ, 14 ಕಸ
4 ಕೊಂಡಿ – 2,280 ಅಂಕ, 32 ಕಸ
5 ಕೊಂಡಿ – 4,840 ಅಂಕ, 69 ಕಸ
6 ಕೊಂಡಿ – 8,680 ಅಂಕ, 124 ಕಸ
7 ಕೊಂಡಿ – 13,800 ಅಂಕ, 197 ಕಸ
10 ಕೊಂಡಿ – 36,840 ಅಂಕ, 526 ಕಸ

ಕಣ್ಣಿಗೆ ಕಾಣುವ ಬೋರ್ಡ್‌ನಲ್ಲಿರುವುದೇ 72 ಮನೆ. ಅಂದರೆ 5 ಕೊಂಡಿಯ ಚೈನ್‌ಗೆ ಉತ್ತರ ಕೊಡಲಾಗದ ಎದುರಾಳಿ ಬಹುಮಟ್ಟಿಗೆ ಸತ್ತಂತೆಯೇ. ನಿಮ್ಮ ಮೊದಲ ಗುರಿ ಐದು ಎಂದು ಇಟ್ಟುಕೊಳ್ಳಿ. ಹತ್ತರ ಕನಸು ಕಾಣುತ್ತಾ ಮೂರರಲ್ಲೇ ಹೂತುಹೋಗುವವರೇ ಹೆಚ್ಚು.

ಮೆಟ್ಟಿಲು ಕಟ್ಟುವ ಬಗೆ

ಕಲಿಯಲು ಎಲ್ಲಕ್ಕಿಂತ ಸರಳವಾದದ್ದು ಮೆಟ್ಟಿಲು. ಒಂದೊಂದು ಕಾಲಂನಲ್ಲೂ ತಳದಿಂದ ಒಂದೇ ಬಣ್ಣದ ಮೂರು ಪುಯೊ, ಅದರ ನೆತ್ತಿಯ ಮೇಲೆ ಬಲಗಡೆಯ ಕಾಲಂನ ಬಣ್ಣದ ಒಂದು. ಇಷ್ಟೇ ಸೂತ್ರ. ಎಡದಿಂದ ಹೀಗೆ ಇಡಿ:

1ನೆಯ ಕಾಲಂ: ಕೆಂಪು ಮೂರು, ಮೇಲೆ ಖಾಲಿ
2ನೆಯ ಕಾಲಂ: ಹಸಿರು ಮೂರು, ಮೇಲೆ ನೀಲಿ
3ನೆಯ ಕಾಲಂ: ನೀಲಿ ಮೂರು, ಮೇಲೆ ಹಳದಿ
4ನೆಯ ಕಾಲಂ: ಹಳದಿ ಮೂರು, ಮೇಲೆ ಕೆಂಪು
5ನೆಯ ಕಾಲಂ: ಕೆಂಪು ಮೂರು, ಮೇಲೆ ಹಸಿರು
6ನೆಯ ಕಾಲಂ: ಹಸಿರು ಮೂರು

ಈಗ ಕೆಂಪು–ಹಸಿರು ಜೋಡಿಯನ್ನು ಕೆಂಪು ಕೆಳಗೆ ಬರುವಂತೆ ನಿಲ್ಲಿಸಿ 1ನೆಯ ಕಾಲಂಗೆ ಇಳಿಸಿ. ನಾಲ್ಕು ಕೆಂಪು ಒಡೆದು ಮೇಲಿದ್ದ ಹಸಿರು ತಳಕ್ಕೆ ಬೀಳುತ್ತದೆ, ಪಕ್ಕದ ಮೂರು ಹಸಿರಿಗೆ ತಾಗುತ್ತದೆ. ಅವು ಒಡೆದರೆ ನೀಲಿ ಇಳಿಯುತ್ತದೆ. ಹೀಗೆ ಬಲತುದಿಯವರೆಗೆ 6 ಕೊಂಡಿ.

ಇಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ. ಬೇಡದ ಪುಯೊ ಒಂದು 3ನೆಯ ಕಾಲಂನ ತಳದಲ್ಲಿ ಕೂತಿದೆ ಎನ್ನಿ. ‘ಒಂದೇ ಒಂದಲ್ಲವೇ’ ಎಂದು ಅದರ ಮೇಲೆಯೇ ನೀಲಿ ಮೂರನ್ನು ಪೇರಿಸುತ್ತಾರೆ. ಆಗ ನೀಲಿ ಇರುವುದು 2, 3, 4ನೆಯ ಸಾಲಿನಲ್ಲಿ. 2ನೆಯ ಕಾಲಂನ ನೆತ್ತಿಗೆ, ಅಂದರೆ 4ನೆಯ ಸಾಲಿಗೆ, ನೀಲಿ ಇಟ್ಟ ತಕ್ಷಣ ಅದು ಪಕ್ಕದ ನೀಲಿಗೆ ತಾಗಿ ನಾಲ್ಕೂ ಅಲ್ಲೇ ಒಡೆಯುತ್ತವೆ. ಚೈನ್‌ನ ನಡುಮುರಿಯಿತು, ಕೈಗೆ ಬಂದದ್ದು 40 ಅಂಕ. ತಳದ ಮಟ್ಟ ಒಂದು ಮನೆ ತಪ್ಪಿದರೂ ಮೆಟ್ಟಿಲು ನಿಲ್ಲುವುದಿಲ್ಲ. ಬೇಡದ ಪುಯೊಗಳನ್ನು ನಾಲ್ಕನೆಯ ಸಾಲು ಕಟ್ಟಿದ ಮೇಲೆ ಮೇಲ್ಮಹಡಿಗೆ ಹಾಕಿ, ಇಲ್ಲವೇ ಇನ್ನೂ ಕಟ್ಟದ ಬಲತುದಿಯ ಕಾಲಂಗೆ ತಳ್ಳಿ, ಮೆಟ್ಟಿಲನ್ನು ಅಲ್ಲಿಗೇ ಒಂದು ಕಾಲಂ ಕಡಿಮೆ ಮಾಡಿಕೊಳ್ಳಿ.

ಎರಡನೆಯ ತೊಂದರೆ ಟ್ರಿಗರ್‌ನದು, ಅಂದರೆ ಚೈನ್ ಹೊರಡಿಸುವ ಜೋಡಿಯದು. ಕೆಂಪು–ಹಸಿರು ಜೋಡಿಯೇ ಬೇಕೆಂದರೆ, ನಾಲ್ಕು ಬಣ್ಣದ ಆಟದಲ್ಲಿ ಅದು ಬರುವುದು ಸರಿಸುಮಾರು ಎಂಟು ಜೋಡಿಗೊಮ್ಮೆ. ಕಾಯುತ್ತಾ ಕೂತರೆ ಬೋರ್ಡ್ ತುಂಬುತ್ತದೆ. 1ನೆಯ ಕಾಲಂ ಅನ್ನು ಪೂರ್ತಿ ಖಾಲಿ ಬಿಟ್ಟರೆ ಹಸಿರು ಇರುವ ಯಾವ ಜೋಡಿಯಾದರೂ ಸಾಕು. ಅದು 16ರಲ್ಲಿ 7 ಸಲ ಬರುತ್ತದೆ. ಬದಲಿಗೆ ಒಂದು ಕೊಂಡಿ ಹೋಗುತ್ತದೆ. ಕೆಂಪು ಮೂರು ಇಟ್ಟಾಗಿದೆ, ಬೇಕಾದ ಜೋಡಿ ಮುಂದಿನೆರಡರಲ್ಲೂ ಕಾಣುತ್ತಿಲ್ಲ, ಎದುರಾಳಿ ಆಗಲೇ ಹೊಡೆಯಲು ಸಜ್ಜಾಗಿದ್ದಾನೆ ಎಂದರೆ ಯಾವುದಾದರೂ ಕೆಂಪನ್ನು ಹಾಕಿ ಆ ನಾಲ್ಕನ್ನು ಬಿಡಿಯಾಗಿ ಒಡೆದುಬಿಡಿ. ಜೊತೆಗೆ ಬಂದ ಬೇರೆ ಬಣ್ಣ ತಳದಲ್ಲಿ ಉಳಿದರೂ ಚಿಂತೆಯಿಲ್ಲ. ಅದರ ಮೇಲೆ ಹಸಿರು ಇಟ್ಟರೆ ಅದು ಎರಡನೆಯ ಸಾಲಿನ ಹಸಿರಿಗೆ ತಾಗುತ್ತದೆ, ಮೆಟ್ಟಿಲು ಅಲ್ಲಿಂದ ಹೊರಡುತ್ತದೆ. ಈ ಹಿಂಬಾಗಿಲು ಗೊತ್ತಿಲ್ಲದೆ, ಪೂರ್ತಿ ಕಟ್ಟಿದ ಚೈನ್ ಸಮೇತ ಸೋಲುವವರು ಬಹಳ.

ಇನ್ನು ಆರಕ್ಕೆ ನಿಲ್ಲದೆ ಮುಂದೆ ಹೋಗಬೇಕಾದರೆ ಬಲತುದಿಯಲ್ಲಿ ತಿರುವು ಬೇಕು. ಆರನೆಯ ಕೊಂಡಿ ಒಡೆದು ಮುಗಿಯುವ ಹೊತ್ತಿಗೆ 4 ಮತ್ತು 5ನೆಯ ಕಾಲಂಗಳ ಮೇಲ್ಮಹಡಿ ತಲಾ 4 ಮನೆ ಇಳಿದಿರುತ್ತದೆ. 6ನೆಯ ಕಾಲಂ ಮಾತ್ರ 3 ಮನೆ. ಈ ಒಂದು ಮನೆಯ ಅಂತರವೇ ನಮ್ಮ ಬಂಡವಾಳ. 6ನೆಯ ಕಾಲಂನ 4ನೆಯ ಸಾಲಿಗೆ ಒಂದು ನೀಲಿ ಇಡಿ. 5ನೆಯ ಕಾಲಂನ 5 ಮತ್ತು 6ನೆಯ ಸಾಲಿಗೆ ಎರಡು ನೀಲಿ, 4ನೆಯ ಕಾಲಂನ 5ನೆಯ ಸಾಲಿಗೆ ಇನ್ನೊಂದು. ಈಗ ಈಚೆಯ ಮೂರು ಒಂದಕ್ಕೊಂದು ಅಂಟಿವೆ, ಆಚೆಯ ಒಂದು ಮೂಲೆಗೆ ಮೂಲೆಯಷ್ಟೇ ತಾಗಿದೆ, ಆದ್ದರಿಂದ ಒಡೆಯುವುದಿಲ್ಲ. ಕೆಳಗಿನದೆಲ್ಲ ಒಡೆದು ಇವು ಇಳಿದಾಗ ಆ ಒಂಟಿ ನೀಲಿಯೂ 5ನೆಯ ಕಾಲಂನ ನೀಲಿಯೂ ತಳದ ಸಾಲಿನಲ್ಲಿ ಪಕ್ಕಪಕ್ಕ ಬರುತ್ತವೆ. ಏಳನೆಯ ಕೊಂಡಿ ತಯಾರು. 28 ಪುಯೊಗೆ 13,800 ಅಂಕ. ಒಂಟಿ ನೀಲಿಯ ಮೇಲಿನ ಮನೆಗೆ, ಅಂದರೆ 6ನೆಯ ಕಾಲಂನ 5ನೆಯ ಸಾಲಿಗೆ, ಮರೆತೂ ನೀಲಿ ಹಾಕಬೇಡಿ. ಹಾಕಿದರೆ ಐದೂ ಕೂಡಿ ಮೊದಲೇ ಸಿಡಿಯುತ್ತವೆ. ಬೇರೆ ಯಾವ ಬಣ್ಣವಾದರೂ ಸರಿ, ಖಾಲಿ ಇದ್ದರೂ ಸರಿ.

ನಿಜ ಪಂದ್ಯದಲ್ಲಿ ಹೀಗೆ ಗೆರೆ ಎಳೆದಂತೆ ಬಣ್ಣ ಬರುವುದಿಲ್ಲ ಎಂಬುದು ಆಡಿದವರಿಗೆಲ್ಲ ಗೊತ್ತು. ಅಲ್ಲಿ ಮೆಟ್ಟಿಲಿನ ನಡುವೆ ಸ್ಯಾಂಡ್‌ವಿಚ್ ಸೇರಿಸಬೇಕಾಗುತ್ತದೆ: ಒಂದೇ ಕಾಲಂನಲ್ಲಿ ಎರಡು ಹಳದಿ, ಮೇಲೆ ಮೂರು ನೀಲಿ, ಅದರ ಮೇಲೆ ಮತ್ತೆ ಎರಡು ಹಳದಿ. ಪಕ್ಕದಿಂದ ನಾಲ್ಕನೆಯ ನೀಲಿ ತಾಗಿದರೆ ನಡುವಿನದು ಕರಗಿ ಹಳದಿಗೆ ಹಳದಿ ಕೂಡುತ್ತದೆ. ಆ ನೀಲಿ ತಾಗಬೇಕಾದರೆ ಪಕ್ಕದ ಕಾಲಂನ ಎತ್ತರ 2ರಿಂದ 4ರ ಒಳಗಿರಬೇಕು. ಮೈಮರೆತು ಅಲ್ಲಿ ಐದು ಪೇರಿಸಿದರೆ ನೀಲಿಗೆ ದಾರಿಯೇ ಇಲ್ಲ.

ಕೊನೆಯ ಕೊಂಡಿಯನ್ನು ದಪ್ಪ ಮಾಡಿ

ಈ ಆಟದ ಲೆಕ್ಕದಲ್ಲಿ ಅತಿ ಅಗ್ಗಕ್ಕೆ ಸಿಗುವ ಅಂಕ ಇದು, ಹೆಚ್ಚಿನವರು ತಿರುಗಿಯೂ ನೋಡುವುದಿಲ್ಲ. ಮೊದಲ ಕೊಂಡಿಯಲ್ಲಿ ನಾಲ್ಕರ ಬದಲು ಐದು ಒಡೆದರೆ 40 ಇದ್ದದ್ದು 100 ಆಗುತ್ತದೆ, ಅಷ್ಟೇ. ಹತ್ತನೆಯ ಕೊಂಡಿಯಲ್ಲಿ ಐದು ಒಡೆದರೆ 50 × (224 + 2), ಅಂದರೆ 11,300. ನಾಲ್ಕಾಗಿದ್ದರೆ 8,960. ಒಂದೇ ಒಂದು ಹೆಚ್ಚುವರಿ ಪುಯೊ 2,340 ಅಂಕ ತಂದಿತು. ಒಂದು ಪೂರ್ತಿ 4 ಕೊಂಡಿಯ ಚೈನ್‌ಗೆ ಸಿಗುವುದೇ 2,280!

ಆರು ಒಡೆದರೆ 13,620. ಎರಡು ಬಣ್ಣದ ನಾಲ್ಕು ನಾಲ್ಕು ಒಟ್ಟಿಗೆ ಒಡೆದರೆ 80 × (224 + 3), ಅಂದರೆ 18,160. ಅದೇ ನಾಲ್ಕು ಪುಯೊ ಖರ್ಚು ಮಾಡಿ ಹನ್ನೊಂದನೆಯ ಕೊಂಡಿ ಕಟ್ಟಿದರೆ ಸಿಗುವುದು 10,240. ಕೊನೆಯ ಕೊಂಡಿಗೇ ಸುರಿದರೆ ಹೆಚ್ಚುವುದು 9,200. ಅಂತರ ಅಲ್ಪ, ಆದರೆ ಹನ್ನೊಂದನೆಯ ಕೊಂಡಿಗೆ ಬೇಕಾಗುವ ತಲೆನೋವು ಇಲ್ಲಿಲ್ಲ, ಏಕೆಂದರೆ ಕೊನೆಯ ಕೊಂಡಿ ಒಡೆದ ಮೇಲೆ ಯಾವುದೂ ಸರಿಯಾಗಿ ಬೀಳಬೇಕಾದ ಹಂಗಿಲ್ಲ.

ಅಡ್ಡಿ ಒಂದೇ: ಚೈನ್ ಹೊರಡುವ ಮುನ್ನ ಆ ಬಣ್ಣದ ನಾಲ್ಕು ಎಲ್ಲಿಯೂ ಕೂಡಿರಬಾರದು. ಹಾಗಾಗಿ ಮೂರು ಇಲ್ಲಿ, ಮೂರು ಅಲ್ಲಿ, ನಡುವೆ ಒಡೆಯಲಿರುವ ಬೇರೆ ಬಣ್ಣ, ಹೀಗೆ ಇಟ್ಟರೆ ಆರು ಸಲೀಸು. ಎಂಟು, ಒಂಬತ್ತಕ್ಕೆ ಕೈಹಾಕಿದರೆ ಮೂರು ತುಂಡುಗಳನ್ನು ಒಂದೇ ಹೊತ್ತಿಗೆ ಸೇರಿಸಬೇಕು, ಪಂದ್ಯದ ಗಡಿಬಿಡಿಯಲ್ಲಿ ಅದು ಕೈಕೊಡುವುದೇ ಹೆಚ್ಚು. ಒಬ್ಬರೇ ಅಂಕಕ್ಕಾಗಿ ಆಡುವಾಗ ಮಾತ್ರ ಪ್ರಯತ್ನಿಸಿ ನೋಡಿ.

ಎದುರಾಳಿ ಇದ್ದಾಗ

ಕಸ ಬೀಳುವುದು ನೀವು ಏನನ್ನೂ ಒಡೆಯದೆ ಜೋಡಿ ಇಳಿಸಿದಾಗ. ಒಂದು ಸಲಕ್ಕೆ ಗರಿಷ್ಠ 30, ಅಂದರೆ ಐದು ಸಾಲು. 69 ಬರುವುದಿದ್ದರೆ 30, 30, 9 ಎಂದು ಮೂರು ಕಂತು. ನಡುವೆ ನಿಮಗೊಂದೊಂದು ಜೋಡಿ ಸಿಗುತ್ತದೆ. ಬರಲಿರುವ ಕಸ ಎಷ್ಟೆಂದು ಬೋರ್ಡ್‌ನ ತಲೆ ಮೇಲೆ ತೋರುವ ಗುರುತುಗಳನ್ನು ಓದಲು ಕಲಿಯಿರಿ: ಚಿಕ್ಕದು 1, ದೊಡ್ಡದು 6, ಕೆಂಪು ಬಂಡೆ 30, ನಕ್ಷತ್ರ 180.

ಬರುತ್ತಿರುವ ಕಸವನ್ನು ನಿಮ್ಮ ಚೈನ್‌ನಿಂದ ಒಂದಕ್ಕೊಂದು ವಜಾ ಮಾಡಬಹುದು. ತ್ಸೂ ತಂದ ದೊಡ್ಡ ಬದಲಾವಣೆ ಇದೇ. ಎದುರಾಳಿ 5 ಕೊಂಡಿ ಹೊಡೆದು 69 ಕಳಿಸಿದ, ನೀವು 6 ಕೊಂಡಿ ಹೊಡೆದಿರಿ: 124ರಲ್ಲಿ 69 ಕಳೆದು 55 ಅವನ ಮೇಲೇ ಬೀಳುತ್ತದೆ. ಅವನ ಬೋರ್ಡ್ ಆಗ ಬರಿದಾಗಿರುತ್ತದೆ, ಉತ್ತರಕ್ಕೆ ಸರಕಿಲ್ಲ. ಆದ್ದರಿಂದ ಮೊದಲು ಹೊಡೆಯುವವನಿಗಿಂತ ಎರಡನೆಯವನಿಗೆ ಅನುಕೂಲ ಹೆಚ್ಚು. ಅವನ ಚೈನ್ ಓಡುತ್ತಿರುವಷ್ಟು ಹೊತ್ತು ನಿಮಗೆ ಕಟ್ಟಲು ಸಮಯವಿರುತ್ತದೆ, ಚೈನ್ ಉದ್ದವಾದಷ್ಟೂ ಜೋಡಿ ಹೆಚ್ಚು ಸಿಗುತ್ತವೆ. ಅವನ ಕೊಂಡಿ ಒಡೆಯುವುದನ್ನು ನೋಡುತ್ತಾ ಬೆರಗಾಗಿ ಕೂರುವ ಬದಲು, ಕೊಂಡಿ ಎಣಿಸಿ ನಿಮ್ಮ ಬಾಲ ಬೆಳೆಸಿ.

ಇದನ್ನು ಬಲ್ಲ ಎದುರಾಳಿ ನಿಮ್ಮನ್ನು ಕಾಯಲು ಬಿಡುವುದಿಲ್ಲ. ಚಿಕ್ಕ, ಚುರುಕಾದ ಏಟು ಹಾಕುತ್ತಾನೆ. ಎರಡೇ ಕೊಂಡಿ, ಆದರೆ ಎರಡನೆಯದರಲ್ಲಿ ಎರಡು ಬಣ್ಣ ಒಟ್ಟಿಗೆ: 40 + 80 × (8 + 3), ಒಟ್ಟು 920 ಅಂಕ, 13 ಕಸ. 3 ಕೊಂಡಿಯ 14ಕ್ಕೆ ಹತ್ತಿರಹತ್ತಿರ ಸಮ, ಆದರೆ ಒಂದು ಕೊಂಡಿಯಷ್ಟು ಬೇಗ ಮುಗಿಯುತ್ತದೆ. ಎರಡನೆಯ ಕೊಂಡಿಯಲ್ಲಿ ಮೂರು ಬಣ್ಣ ಒಡೆದರೆ 1,720 ಅಂಕ, 24 ಕಸ. ಬೀಳುವುದು ಎರಡು ಸಾಲೋ ನಾಲ್ಕೋ ಆದರೂ ನಿಮ್ಮ ಟ್ರಿಗರ್ ಕಾಲಂ ಮುಚ್ಚಿಹೋಗುತ್ತದೆ. 13,800 ಅಂಕದ ಚೈನ್ ಕೆಳಗೆ, ಬೀಗದ ಮೇಲೆ ಎರಡು ಕಲ್ಲು.

ಇದಕ್ಕೆ ಮದ್ದು ಮುಖ್ಯ ಚೈನ್‌ಗೆ ತಾಗದಂತೆ ಮೇಲ್ಮಹಡಿಯಲ್ಲೊಂದು 2–3 ಕೊಂಡಿಯ ಚಿಕ್ಕ ಚೈನ್ ಇಟ್ಟುಕೊಳ್ಳುವುದು. 13 ಬರುತ್ತಿದೆ ಎಂದು ಕಂಡರೆ 14ರಿಂದ ಅಲ್ಲೇ ಅಳಿಸಿ, ಮುಖ್ಯ ಚೈನ್ ಮುಟ್ಟಬೇಡಿ. ಗಾಬರಿಯಿಂದ ದೊಡ್ಡದನ್ನೇ ಹೊಡೆದರೆ ಅವನು ಕಾಯುತ್ತಿದ್ದದ್ದೂ ಅದಕ್ಕೇ. ಅಳಿಸಲಾಗದೆ ಕಸ ಬಿದ್ದೇಹೋದರೆ, ಅದಕ್ಕೆ ತಾಗಿಕೊಂಡು ಯಾವುದಾದರೂ ಗುಂಪು ಒಡೆದಾಗ ಪಕ್ಕದ ಕಸವೂ ಹೋಗುತ್ತದೆ. ಹಾಗಾಗಿ ಟ್ರಿಗರ್‌ನ ಪಕ್ಕದ ಕಾಲಂನಲ್ಲಿ ಮೇಲ್ಗಡೆ ಒಂದೇ ಬಣ್ಣದ ಎರಡು ಮೂರು ಇಟ್ಟಿರುವುದು ಒಳ್ಳೆಯದು.

ಬೋರ್ಡ್ ಪೂರ್ತಿ ಖಾಲಿ ಮಾಡಿದರೆ ನಿಮ್ಮ ಮುಂದಿನ ಏಟಿಗೆ 2,100 ಅಂಕದಷ್ಟು, ಅಂದರೆ 30 ಕಸ, ಸೇರುತ್ತದೆ. ಆಟದ ಮೊದಲ ಕೆಲವು ಜೋಡಿಗಳಲ್ಲಿ ತಾನಾಗಿ ಕೂಡಿಬಂದರೆ ಬಿಡಬೇಡಿ. ಕಟ್ಟಿದ್ದನ್ನು ಕೆಡವಿ ಅದಕ್ಕಾಗಿ ಒದ್ದಾಡುವುದು ಬೇಡ.

ಗಡಿಯಾರದ ಮೇಲೂ ಕಣ್ಣಿರಲಿ. ಪಂದ್ಯ 96 ಸೆಕೆಂಡ್ ದಾಟಿದರೆ ಒಂದು ಕಸಕ್ಕೆ ಬೇಕಾದ ಆ 70 ಅಂಕ ಮುಕ್ಕಾಲಿಗಿಳಿದು 52 ಆಗುತ್ತದೆ, ಆಮೇಲೆ ಇನ್ನೂ ಇಳಿಯುತ್ತಾ ಹೋಗುತ್ತದೆ. 32 ಕಸ ಕಳಿಸುತ್ತಿದ್ದ 4 ಕೊಂಡಿ ಆಗ 43 ಕಳಿಸುತ್ತದೆ. ಆ ಹೊತ್ತಿನಲ್ಲಿ ಹನ್ನೆರಡು ಕೊಂಡಿ ಕಟ್ಟುವ ಹಟ ಹಿಡಿಯುವುದು ದಡ್ಡತನ. ಸಿಕ್ಕಿದ ನಾಲ್ಕೈದನ್ನು ಮೊದಲು ಹೊಡೆದವನದೇ ಮೇಲುಗೈ.

ಕೈ ಮತ್ತು ಕಣ್ಣು

ಬಾಣ ಒತ್ತಿ ಬೇಗ ಇಳಿಸಿದರೆ ಮನೆಗೊಂದು ಅಂಕ ಬರುತ್ತದೆ, ಅದು ಚಿಲ್ಲರೆ. ಲಾಭ ಇರುವುದು ಅದೇ ಸಮಯದಲ್ಲಿ ಹೆಚ್ಚು ಜೋಡಿ ಇಟ್ಟದ್ದರಲ್ಲಿ. ಬೀಳುತ್ತಿರುವ ಜೋಡಿಯನ್ನು ನೋಡುತ್ತಾ ಯೋಚಿಸುವವರು ಎಂದಿಗೂ ನಿಧಾನವೇ. ಅದರ ಜಾಗ ಹಿಂದಿನ ಜೋಡಿ ಇಡುವಾಗಲೇ ತೀರ್ಮಾನವಾಗಿರಬೇಕು, ಈಗ ಕಣ್ಣಿರಬೇಕಾದದ್ದು ಮುಂದಿನದರ ಮೇಲೆ.

ಬದಿಗಳು ಎತ್ತರ, ನಡು ತಗ್ಗು, ಹೀಗೆ ತೊಟ್ಟಿಯಾಕಾರದಲ್ಲಿ ಪೇರಿಸುತ್ತಾ ಹೋಗಿ. ಜೋಡಿ ಹುಟ್ಟುವುದು 3ನೆಯ ಕಾಲಂನಲ್ಲಿ. 2ನೆಯದು 12ರವರೆಗೆ ತುಂಬಿದರೆ 1ನೆಯದಕ್ಕೆ ದಾಟಲು ದಾರಿ ಕಷ್ಟ. ಎಡತುದಿಯಲ್ಲಿ ಟ್ರಿಗರ್ ಇಟ್ಟುಕೊಂಡು 2ನೆಯ ಕಾಲಂ ಅನ್ನೇ ಗೋಡೆಯಂತೆ ಎಬ್ಬಿಸುವುದು ಸ್ವಂತ ಮನೆಗೆ ಹೊರಗಿನಿಂದ ಬೀಗ ಹಾಕಿದಂತೆ. ಎರಡೂ ಕಡೆ ಗೋಡೆಯಿರುವ ಒಂದು ಕಾಲಂ ಅಗಲದ ಸಂದಿಯಲ್ಲಿ ಜೋಡಿ ತಿರುಗದಿದ್ದರೆ ತಿರುಗಿಸುವ ಬಟನ್ ಎರಡು ಸಲ ಒತ್ತಿ, ಮೇಲಿನದು ಕೆಳಗೆ ಬರುತ್ತದೆ. ಆ ಮೆಟ್ಟಿಲಿನ ಕೆಂಪು–ಹಸಿರು ಜೋಡಿ ತಲೆಕೆಳಗಾಗಿ ಬಂದಾಗ ಉಳಿಸುವುದು ಇದೇ.

ಅಭ್ಯಾಸಕ್ಕೆ ಎದುರಾಳಿ ಬೇಡ. ಒಬ್ಬರೇ ಆಡುವ ಬಗೆಯಲ್ಲಿ ಮೊದಲು 3 ಕೊಂಡಿಯ ಮೆಟ್ಟಿಲನ್ನು ಸತತ ಹತ್ತು ಸಲ ತಪ್ಪಿಲ್ಲದೆ ಹೊಡೆಯಿರಿ. ಆಮೇಲೆ 5, ಆಮೇಲೆ ತಿರುವು. ಪ್ರತಿ ಸಲ ಎಷ್ಟು ಜೋಡಿ ಹಿಡಿಯಿತೆಂದು ಎಣಿಸಿ. 5 ಕೊಂಡಿಗೆ ಬೇಕಾದದ್ದು 20 ಪುಯೊ, ಅಂದರೆ ಕನಿಷ್ಠ 10 ಜೋಡಿ. ನಿಮಗೆ 14–15 ಹಿಡಿದರೆ ತಕ್ಕಮಟ್ಟಿಗೆ ಸರಿಯಿದೆ. 20 ದಾಟುತ್ತಿದ್ದರೆ ಎಲ್ಲೋ ಬಣ್ಣಗಳನ್ನು ಚೆಲ್ಲುತ್ತಿದ್ದೀರಿ, ಚೈನ್ ಹೊಡೆದ ಮೇಲೆ ಬೋರ್ಡ್‌ನಲ್ಲಿ ಉಳಿದದ್ದನ್ನು ನೋಡಿದರೆ ಯಾವ ಕಾಲಂನಲ್ಲಿ ಎಂಬುದು ಕಾಣುತ್ತದೆ.